ಡೀಸೆಲ್ ಲೆಕ್ಕ

ನಮ್ಮನೆ ಸ್ಕಾರ್ಪಿಯೊಗೆ ಮುಂದಿನ ವರ್ಷ 15 ತುಂಬುತ್ತೆ, ಆರ್‌ಸಿ ರಿನ್ಯೂ ಮಾಡಿಸ್ಬೇಕು. "ಬರೀ ಡೀಸೆಲ್ ಕುಡಿಯುತ್ತೆ, ಮಾರಿಬಿಡೋಣ" ಅಂತ ಮಗನ ರಾಗ. ಮಾರಿದ್ರೆ ಚನ್ನರಾಯಪಟ್ಟಣದಿಂದ ಅಮ್ಮನ್ನ ಡಾಕ್ಟರ್ ಹತ್ರ ಕರ್ಕೊಂಡು ಬರೋದು ಹೇಗ್ರೀ? ಮಂಡಿನೋವಿಗೆ ಬಸ್ಸು ಆಗಲ್ಲ. ಇದಕ್ಕಾದ್ರೆ ಒಂದು ಮಣೆ ಇಟ್ಟರೆ ಹತ್ತುತ್ತಾಳೆ.

ಅದಕ್ಕೇ ಹಾಲಿನ ಪುಸ್ತಕದ ಹಿಂದಿನ ಹಾಳೇಲಿ ಲೆಕ್ಕ ಇಟ್ಟೆ. ವಿಜಯನಗರದಲ್ಲಿ ಟ್ಯಾಂಕ್ ತುಂಬಿಸಿ ಮೀಟರ್ ಬರ್ಕೊಳ್ಳೋದು, ಹೋಗಿ ಬಂದು ಅದೇ ಬಂಕಲ್ಲಿ ಮತ್ತೆ ತುಂಬಿಸೋದು, ಓಡಿದ ಕಿಲೋಮೀಟರನ್ನ ಹಾಕಿಸಿದ ಲೀಟರಿಂದ ಭಾಗಿಸೋದು. ಅಷ್ಟೇ. ನೆಲಮಂಗಲ ದಾಟಿ ನಮ್ಮನೇವ್ರು 110ರಲ್ಲಿ ಓಡಿಸಿದ ಸಲ ಲೀಟರಿಗೆ 10 ಬಂತು. 80 ದಾಟಬೇಡಿ ಅಂತ ಪಕ್ಕದಲ್ಲೇ ಕೂತ ಸಲ 13! ಗಾಡಿ ನೋಡಿ, ಬೀರು ನಿಲ್ಲಿಸಿದ ಹಾಗಿದೆ. ವೇಗ ಎರಡರಷ್ಟಾದ್ರೆ ಗಾಳಿ ನಾಲ್ಕರಷ್ಟು ತಡೆಯುತ್ತೆ. ಮೇಲಿನ ಕ್ಯಾರಿಯರ್ ಬಿಚ್ಚಿಸಿ ಅಟ್ಟಕ್ಕೆ ಹಾಕಿಸ್ದೆ. ಟೈರ್ ಗಾಳೀನ ಬೆಳಗ್ಗೆ, ಹೊರಡೋ ಮುಂಚೆ ತಣ್ಣಗಿರುವಾಗಲೇ ನೋಡಿಸ್ತೀನಿ.

ಹೋಗಿ ಬರೋ ಸುಮಾರು 300 ಕಿಲೋಮೀಟರಿಗೆ 7 ಲೀಟರ್ ಉಳೀತು. ಒಂದೊಂದು ಕಡೆಗೂ ಅರ್ಧ ಗಂಟೆ ಜಾಸ್ತಿ ಹಿಡಿಯುತ್ತೆ, ಹಿಡೀಲಿ. ಅಮ್ಮ ತುಂಬಿಸೋ ತೆಂಗಿನಕಾಯಿ ಮೂಟೆ ಮಾತ್ರ ಭಾರ ಅಂತ ಇಳಿಸೋಕೆ ನನಗೆ ಮನಸ್ಸು ಬರಲ್ಲ. ಮಗ ಆ ಹಾಳೆ ಎರಡು ಸಲ ತಿರುವಿ ನೋಡಿದಾನೆ, ಇನ್ನೂ ಏನೂ ಹೇಳಿಲ್ಲ.