ಪಟ್ಟಿ ಕೊಡದ ಕಂಪನಿ

ಜೂನ್ 15 ಅನ್ನೋ ತಾರೀಖು ಸಂಬಳದಾರರಿಗೆ ಸಣ್ಣ ಹಬ್ಬ ಇದ್ದಂಗೆ. ಅಷ್ಟರೊಳಗೆ ಕಂಪನಿಯವರು ಫಾರ್ಮ್ 16 ಕೊಡಬೇಕು ಅಂತ ನಿಯಮ ಇದೆ. ಕೊಡದಿದ್ದರೆ? ಹೆಚ್ಚಿನವರು ಸುಮ್ಮನೆ ಕಾಯ್ತಾರೆ. ಕಾದು ಕಾದು ಜುಲೈ 31 ದಾಟಿಸಿ, 5000 ರೂಪಾಯಿವರೆಗೆ ಲೇಟ್ ಫೀ ಕಟ್ಟಿದವರನ್ನೂ ನಾನು ನೋಡಿದ್ದೇನೆ.

2023ರಲ್ಲಿ ನನಗೂ ಕೊಡಲಿಲ್ಲ. ಹಿಂದಿನ ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ಸಣ್ಣ ಕಂಪನಿ ಬಿಟ್ಟು ಬೇರೆ ಕಡೆ ಸೇರಿದ್ದೆ. ಹೊಸ ಕಂಪನಿಯ ಫಾರ್ಮ್ ಬಂತು, ಹಳೆಯದರದ್ದು ಇಲ್ಲ. ಎಚ್‌ಆರ್ ಹುಡುಗಿ ಫೋನಿನಲ್ಲಿ ಪ್ರತಿಸಲ "ಆಡಿಟರ್ ಹತ್ರ ಇದೆ ಸರ್, ಮುಂದಿನ ವಾರ ಗ್ಯಾರಂಟಿ" ಅನ್ನುತ್ತಿದ್ದಳು. ಪಾಪ, ಆಕೆಗೂ ಯಾರೋ ಹಾಗೇ ಹೇಳಿಕೊಟ್ಟಿರಬೇಕು. ಆದರೆ ನನಗೆ ವಾರಗಳ ಲೆಕ್ಕ ಬೇರೆ ಇತ್ತು. ತಂಗಿಯ ನರ್ಸಿಂಗ್ ಕೋರ್ಸಿನ ಸಾಲಕ್ಕೆ ನಾನು ಜೊತೆ ಅರ್ಜಿದಾರ. ಬ್ಯಾಂಕಿನವರು ಎರಡು ವರ್ಷದ ಫಾರ್ಮ್ 16 ಕೇಳಿದ್ದರು. ಕಾಲೇಜಿನವರು ಫೀ ಕಟ್ಟಲಿಕ್ಕೆ ಆಗಸ್ಟ್ ಮೊದಲ ವಾರ ಕೊಟ್ಟಿದ್ದರು.

ಅರ್ಜಿಯ ಓಡಾಟಕ್ಕೆ ಜುಲೈನಲ್ಲಿ ಊರಿಗೆ ಹೋದೆ. ನಮ್ಮೂರು ಇಂಡಿ ಸೀಮೆಯ ಹಲಸಂಗಿ. ಸಾಹಿತ್ಯ ಓದಿದವರಿಗೆ ಈ ಹೆಸರು ಕೇಳಿದ ತಕ್ಷಣ ಮಧುರಚೆನ್ನರು ನೆನಪಾಗುತ್ತಾರೆ. ನಮ್ಮ ಮನೆಯವರಿಗೆ ಲಿಂಬಿ ಗಿಡಗಳು. ಆ ವರ್ಷ ಮಳೆ ಕೈಕೊಟ್ಟಿತ್ತು, ಗಿಡ ಉಳಿಸೋದೇ ಅಪ್ಪನಿಗೆ ದೊಡ್ಡ ಕೆಲಸ. ಫಾರ್ಮ್ 16 ಅಂದರೆ ಏನು ಅಂತ ಕೇಳಿದ. "ಸಂಬಳದಾಗ ತೆರಿಗಿ ಅಂತ ಎಷ್ಟು ಹಿಡಕೊಂಡಾರ, ಸರ್ಕಾರಕ್ಕ ಎಷ್ಟು ಕಟ್ಟ್ಯಾರ ಅಂತ ಬರದು ಕೊಡೂ ಕಾಗದ ಯಪ್ಪಾ" ಅಂದೆ.

"ಅಂದ್ರ ಪಟ್ಟಿ ಅನ್ನು" ಅಂದ.

ಪಟ್ಟಿ ಅಂದರೆ ಮಾರುಕಟ್ಟೆಗೆ ಮಾಲು ಹಾಕಿದಾಗ ಅಡತಿ ಅಂಗಡಿಯವರು ಕೊಡುವ ಚೀಟಿ. ಎಷ್ಟು ಡಾಗು, ಯಾವ ದರ, ಹಮಾಲಿ ಎಷ್ಟು, ಗಾಡಿ ಬಾಡಿಗೆ ಎಷ್ಟು, ಎಲ್ಲ ಕಳೆದು ಕೈಗೆ ಎಷ್ಟು.

"ಪಟ್ಟಿ ಕೊಡಲಿಲ್ಲ ಅಂದ್ರ ಎರಡs ಕಾರಣ ಇರ್ತಾವ ತಮ್ಮಾ. ಒಂದು ಬರಿಯಾಕ ಬ್ಯಾಸರ, ಇಲ್ಲಾ ರೊಕ್ಕ ನುಂಗ್ಯಾನ. ಯಾವ್ದು ಅಂತ ಮೊದ್ಲ ನೋಡು."

ಆ ಹೊತ್ತಿಗೆ ನಾಲ್ಕು ಜನ ಸಹೋದ್ಯೋಗಿಗಳು, ಒಬ್ಬ ಸಿಎ ಕೊಟ್ಟ ಸಲಹೆಗಿಂತ ಇದೇ ನೆಟ್ಟಗಿತ್ತು. ಅದನ್ನು ನೋಡೋ ದಾರಿಯೂ ಇದೆ, ಅದಕ್ಕೆ ಕಂಪನಿಯ ಮರ್ಜಿ ಬೇಕಿಲ್ಲ. ಆದಾಯ ತೆರಿಗೆ ಪೋರ್ಟಲ್‌ಗೆ ಲಾಗಿನ್ ಆಗಿ 26ಎಎಸ್ ತೆಗೆಯಿರಿ. ಸಂಬಳದ ತೆರಿಗೆ ಸೆಕ್ಷನ್ 192 ಅಂತ ಕಾಣುತ್ತದೆ. ಮುಂದೆ ಎಫ್ ಅಂತಿದ್ದರೆ ನಿಮ್ಮ ದುಡ್ಡು ಸರ್ಕಾರಕ್ಕೆ ಮುಟ್ಟಿದೆ. ಅಲ್ಲಿ ಎಲ್ಲ ತಿಂಗಳೂ ಇದ್ದರೆ ನಿಮ್ಮದು ಬರೀ ಬೇಸರದ ಕೇಸು. ಫಾರ್ಮ್ 16 ಇಲ್ಲದೆಯೂ ರಿಟರ್ನ್ ಹಾಕಬಹುದು, ಅದನ್ನು ಲಗತ್ತಿಸುವ ಜಾಗವೇ ರಿಟರ್ನ್‌ನಲ್ಲಿ ಇಲ್ಲ. ಸಂಬಳದ ಚೀಟಿಗಳನ್ನು ಕೂಡಿಸಿ, ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆಯಿರಿ. ಹಳೆಯ ಪದ್ಧತಿಯಲ್ಲಿದ್ದರೆ ಮನೆ ಬಾಡಿಗೆ, ಪಿಎಫ್, ವೃತ್ತಿ ತೆರಿಗೆ ಎಲ್ಲ ಕಳೆಯಿರಿ. ವರ್ಷದ ನಡುವೆ ಕೆಲಸ ಬದಲಿಸಿದ್ದರೆ ಎರಡೂ ಸಂಬಳ ಸೇರಿಸಬೇಕು. ಎರಡೂ ಕಂಪನಿ ಬೇರೆಬೇರೆಯಾಗಿ ವಿನಾಯಿತಿ ಕೊಟ್ಟಿರುತ್ತವೆ, ಹಾಗಾಗಿ ಕೊನೆಗೆ ಒಂದಿಷ್ಟು ಕಟ್ಟೋದು ಬರುತ್ತೆ.

ನನ್ನ 26ಎಎಸ್‌ನಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಇತ್ತು. ಅಕ್ಟೋಬರ್, ನವೆಂಬರ್, ಡಿಸೆಂಬರ್ ಖಾಲಿ. ತಿಂಗಳಿಗೆ 6,200ರಂತೆ 18,600 ರೂಪಾಯಿ ನನ್ನ ಸಂಬಳದಿಂದ ಹೋಗಿದೆ, ಎಲ್ಲೂ ಮುಟ್ಟಿಲ್ಲ. ಆಡಿಟರ್ ಕಥೆ ಯಾಕೆ ಮುಗಿಯುತ್ತಿರಲಿಲ್ಲ ಅಂತ ಆಗ ಗೊತ್ತಾಯ್ತು. ಕಂಪನಿ ಹಣ ಕಟ್ಟಿ, 24ಕ್ಯೂ ಅನ್ನೋ ತ್ರೈಮಾಸಿಕ ಲೆಕ್ಕ ಸಲ್ಲಿಸಿದರೆ ಮಾತ್ರ ಟ್ರೇಸಸ್ ತಾಣದಿಂದ ಫಾರ್ಮ್ 16 ಇಳಿಯುತ್ತೆ.

ಇದು ನನ್ನೊಬ್ಬನ ಗೋಳಲ್ಲ. ಬೆಂಗಳೂರಿನಲ್ಲೇ ನೋಂದಾಯಿತ ಕಚೇರಿ ಇದ್ದ, 2012ರಲ್ಲಿ ಹಾರಾಟ ನಿಲ್ಲಿಸಿದ ಕಿಂಗ್‌ಫಿಷರ್ ಏರ್‌ಲೈನ್ಸ್ ನೌಕರರ ಸಂಬಳದಿಂದ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಿರಲಿಲ್ಲ. ಇಲಾಖೆ ತಿರುಗಿ ನೌಕರರನ್ನೇ ಕೇಳಿತು. ಅಲ್ಲಿನ ಒಬ್ಬ ಪೈಲಟ್ ಗುಜರಾತ್ ಹೈಕೋರ್ಟಿಗೆ ಹೋದರು. 2018ರಲ್ಲಿ ಕೋರ್ಟ್ ಅವರ ಪರ ನಿಂತಿತು. 1961ರ ಕಾಯ್ದೆಯ ಸೆಕ್ಷನ್ 205 ಪ್ರಕಾರ, ಸಂಬಳದಿಂದ ಒಮ್ಮೆ ಹಿಡಿದ ತೆರಿಗೆಯನ್ನು ಮತ್ತೆ ನೌಕರನಿಂದ ವಸೂಲಿ ಮಾಡುವಂತಿಲ್ಲ. ಅದೇ ಕಂಪನಿಯ ಇನ್ನೊಬ್ಬ ನೌಕರರ ಕೇಸಿನಲ್ಲಿ 2023ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟ್, ಬೇರೆ ವರ್ಷದ ರೀಫಂಡಿನಲ್ಲೂ ಅದನ್ನು ಮುರಿದುಕೊಳ್ಳಬೇಡಿ ಅಂತು. ಬಲವಂತದ ವಸೂಲಿ ಬೇಡ ಅಂತ ಸಿಬಿಡಿಟಿ 2015ರಲ್ಲೇ ತನ್ನ ಅಧಿಕಾರಿಗಳಿಗೆ ತಿಳಿಸಿತ್ತು. ಆದರೂ ಜನ ಹೈಕೋರ್ಟ್‌ವರೆಗೆ ಹೋಗಬೇಕಾಯ್ತು ನೋಡಿ.

ಆದರೆ ತೆರಿಗೆ ಹಿಡಿದದ್ದು ನಿಜ ಅಂತ ತೋರಿಸೋ ಭಾರ ನಮ್ಮ ಮೇಲೇ. ಅದಕ್ಕೇ ಸಂಬಳದ ಚೀಟಿ ಮುಖ್ಯ. ಕೆಲಸ ಬಿಟ್ಟ ದಿನ ಕಂಪನಿಯ ಪೋರ್ಟಲ್ ಬಾಗಿಲು ಮುಚ್ಚುತ್ತೆ, ಅದಕ್ಕೂ ಮೊದಲೇ ಎಲ್ಲ ಚೀಟಿ ಇಳಿಸಿಟ್ಟುಕೊಳ್ಳಿ. ನಾನು ಇಳಿಸಿಟ್ಟಿದ್ದೆ. ಇನ್ನು ಫೋನಿನ ಮಾತು. ನಮ್ಮೂರಿನ ಗೆಳೆಯರ ಗುಂಪು ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಕಾಗದಕ್ಕಿಳಿಸಿದ್ದಕ್ಕೇ 1931ರಲ್ಲಿ 'ಗರತಿಯ ಹಾಡು' ಬಂತು, ಇಲ್ಲದಿದ್ದರೆ ಎಷ್ಟೋ ಹಾಡು ಗಾಳಿಗೆ ಹೋಗುತ್ತಿದ್ದವು. ಎಚ್‌ಆರ್ ಮಾತೂ ಹಾಡಿನಷ್ಟೇ ಚಂದ, ಬರೆಸಿಕೊಳ್ಳದಿದ್ದರೆ ಗಾಳಿಯೇ. ಅವತ್ತಿನಿಂದ ಫೋನ್ ಬಿಟ್ಟು ಬರೀ ಇಮೇಲ್ ಮಾಡಿದೆ. ಫಾರ್ಮ್ ಕೊಡದಿದ್ದರೆ ದಿನಕ್ಕೆ 500 ರೂಪಾಯಿ ದಂಡ ಇದೆ, ಹಿಡಿದ ತೆರಿಗೆಯ ಮೊತ್ತದವರೆಗೆ. ಹಿಡಿದದ್ದನ್ನು ಕಟ್ಟದೇ ಇರುವುದು ಸೆಕ್ಷನ್ 276ಬಿ ಪ್ರಕಾರ ಜೈಲಿನ ಅಪರಾಧ. ಎರಡನ್ನೂ ಬರೆದು, ಹದಿನೈದು ದಿನ ಕೊಟ್ಟೆ.

ಉತ್ತರ ಬರಲಿಲ್ಲ. ಸಂಬಳದ ಚೀಟಿಯಲ್ಲಿದ್ದ ಟ್ಯಾನ್ ಸಂಖ್ಯೆ ಹಾಕಿ ಪೋರ್ಟಲ್‌ನಲ್ಲಿ ಹುಡುಕಿದರೆ ಕಂಪನಿ ಯಾವ ಟಿಡಿಎಸ್ ಅಧಿಕಾರಿಯ ವ್ಯಾಪ್ತಿಗೆ ಬರುತ್ತೆ ಅಂತ ಸಿಗುತ್ತೆ. ಆ ಅಧಿಕಾರಿಗೆ ದೂರು ಬರೆದೆ. ಚೀಟಿಗಳು, ಬ್ಯಾಂಕ್ ಸ್ಟೇಟ್‌ಮೆಂಟ್, ನೇಮಕಾತಿ ಪತ್ರ, ಇಮೇಲ್‌ಗಳ ನಕಲು ಸೇರಿಸಿ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. ರಿಟರ್ನ್‌ನಲ್ಲಿ ಪೂರ್ತಿ ಸಂಬಳ, ಹಿಡಿದ ಪೂರ್ತಿ ತೆರಿಗೆ ಎರಡನ್ನೂ ತೋರಿಸಿದೆ. ಕಾಣದ 18,600 ಬಿಟ್ಟು ಹಾಕು, ತಲೆನೋವು ಬೇಡ ಅಂದಿದ್ದ ಸಿಎ. ಬಿಡಲು ಮನಸ್ಸಾಗಲಿಲ್ಲ. ಅಪ್ಪನ ಎಷ್ಟು ಡಾಗು ಲಿಂಬಿ ಅದು!

ಬ್ಯಾಂಕಿನ ಮ್ಯಾನೇಜರ್ ಮಾತ್ರ ಒಳ್ಳೆಯವರು. ರಿಟರ್ನ್‌ನ ಸ್ವೀಕೃತಿ, 26ಎಎಸ್, ಸಂಬಳದ ಚೀಟಿ ನೋಡಿ "ಇಷ್ಟಿದ್ರ ಸಾಕ್ರೀ" ಅಂದರು. ತಂಗಿಯ ಫೀ ಕಟ್ಟೋ ದಿನಕ್ಕೆ ಎರಡು ದಿನ ಮೊದಲು ಸಾಲ ಬಂತು.

ಅಕ್ಟೋಬರಿನಲ್ಲಿ ಕಂಪನಿ ಸದ್ದಿಲ್ಲದೆ ಎರಡು ತಿಂಗಳದ್ದು ಕಟ್ಟಿತು, 26ಎಎಸ್‌ನಲ್ಲಿ ಎರಡು ಹೊಸ ಸಾಲು ಕಂಡವು. ಡಿಸೆಂಬರಿನ 6,200 ಇನ್ನೂ ಇಲ್ಲ. ಅಷ್ಟಕ್ಕೆ ಇಲಾಖೆಯಿಂದ ಬಡ್ಡಿ ಸೇರಿಸಿ ಬಾಕಿ ನೋಟಿಸ್ ಬಂತು. 'ಒಪ್ಪುವುದಿಲ್ಲ' ಅಂತ ಆಯ್ಕೆ ಮಾಡಿ, ಡಿಸೆಂಬರಿನ ಚೀಟಿ ಸೇರಿಸಿ, ಸೆಕ್ಷನ್ 205 ಅಂತ ಬರೆದು ಕಳಿಸಿದೆ. ನೋಟಿಸ್ ಇನ್ನೂ ಪೋರ್ಟಲ್‌ನಲ್ಲಿ ಕೆಂಪಗೆ ಕೂತಿದೆ. ವಸೂಲಿಗೆ ಯಾರೂ ಬಂದಿಲ್ಲ. ಊರಿಂದ ಫೋನ್ ಬಂದಾಗಲೆಲ್ಲ ಅಪ್ಪ ಮಳೆ ಸುದ್ದಿ ಮುಗಿಸಿ "ಆ ಒಂದು ತಿಂಗಳದ್ದು ಏನಾತೋ?" ಅಂತ ಕೇಳ್ತಾನೆ.