ಹಳೆಯ ಮೇಣಿ

ಆಟದ ಸಾಮಾನನ್ನು ಕುರಿತು ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆಯುವುದು ಅಷ್ಟೇನೂ ಗೌರವದ ಕೆಲಸವಲ್ಲವೆಂದು ನಾನು ಬಲ್ಲೆ. ಇದೇ ಸಂಚಿಕೆಯಲ್ಲಿ ನನ್ನ ಸಹಪಾಠಿಗಳು ಪ್ರಜಾಪ್ರಭುತ್ವವನ್ನೂ ಪರಿಸರವನ್ನೂ ಸ್ತ್ರೀಶಿಕ್ಷಣವನ್ನೂ ಕುರಿತು ಬರೆದಿರುತ್ತಾರೆ. ಅವರ ನಡುವೆ ನಾನು ಆಟಿಕೆ ಹಿಡಿದುಕೊಂಡು ನಿಂತರೆ ಅಧ್ಯಾಪಕರು ನಗಬಹುದು. ನಗಲಿ. ನನ್ನ ಆಟಿಕೆಯ ಕಥೆಯೊಳಗೆ ನನ್ನ ತಾತನ ಬಲಗೈ ಸಿಕ್ಕಿಕೊಂಡಿದೆ. ಅದನ್ನು ಬಿಡಿಸಿ ಹೇಳುವುದಕ್ಕೆ ಬೇರೆ ದಾರಿ ಕಾಣದೆ ಹೀಗೆ ಹೊರಟಿದ್ದೇನೆ.

ನಮ್ಮೂರು ಹರವೆ. ಚಾಮರಾಜನಗರಕ್ಕೆ ದಿನವೂ ಬಸ್ಸಿನಲ್ಲಿ ಬಂದುಹೋಗುವ ವಿದ್ಯಾರ್ಥಿಗಳಲ್ಲಿ ನಾನೂ ಒಬ್ಬ. ತಾತ ಅರಿಸಿನ ಬೆಳೆದವರು. ಸಣ್ಣ ಈರುಳ್ಳಿ, ಹುರುಳಿ, ರಾಗಿ ಎಲ್ಲವನ್ನೂ ಬೆಳೆದು ಕೆಲವು ವರ್ಷ ಗೆದ್ದು ಹಲವು ವರ್ಷ ಸೋತವರು. 2024ರ ಜನವರಿಯಲ್ಲಿ, ಅರಿಸಿನ ಕೀಳುವ ಕಾಲದಲ್ಲಿಯೇ, ಒಂದು ಬೆಳಿಗ್ಗೆ ಅವರಿಗೆ ಲಕ್ವ ಹೊಡೆಯಿತು. ದೇವರು ದೊಡ್ಡವನು, ಮಾತು ಉಳಿಯಿತು. ಕಾಲು ಮೂರು ತಿಂಗಳಲ್ಲಿ ಅರ್ಧಂಬರ್ಧ ಬಂತು. ಬಲಗೈ ಮಾತ್ರ ಬರಲಿಲ್ಲ. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಟ್ಟವರು, "ಈ ಕೈಗೆ ದಿನವೂ ಕೆಲಸ ಕೊಡಿ, ಸುಮ್ಮನೆ ಮಡಿಲಲ್ಲಿಟ್ಟರೆ ಅದು ಮರೆತುಬಿಡುತ್ತದೆ" ಎಂದರು. ರಬ್ಬರಿನ ಚೆಂಡೊಂದನ್ನು ಕೊಟ್ಟು ಹಿಸುಕಲು ಹೇಳಿದರು. ತಾತ ಎರಡು ದಿನ ಹಿಸುಕಿ ಮೂರನೆಯ ದಿನ ಅದನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟುಬಿಟ್ಟರು. ಐವತ್ತು ವರ್ಷ ಆರು ಹೂಡಿದವನಿಗೆ ಚೆಂಡು ಹಿಸುಕು ಎಂದರೆ ಅವಮಾನವಾಗದೆ ಇರುತ್ತದೆಯೆ?

ಆ ಏಪ್ರಿಲಿನಲ್ಲಿ ಸಿಂಗಪುರದಿಂದ ಚಿಕ್ಕಪ್ಪ ಬಂದರು. ಅವರ ಮಕ್ಕಳು ಆಡಿ ಬೇಸತ್ತ ಒಂದು ನಿಂಟೆಂಡೊ ಸ್ವಿಚ್ಚನ್ನೂ ಅದರ ಜೊತೆಗೆ ಒಂದು ದೊಡ್ಡ ಉಂಗುರವನ್ನೂ ತಂದಿದ್ದರು. ಉಂಗುರವೆಂದರೆ ಬೆರಳಿನದಲ್ಲ, ಎರಡು ಕೈಯಲ್ಲೂ ಹಿಡಿದು ಒತ್ತುವ, ಎಳೆಯುವ, ಬಳುಕುವ ಬಳೆ. 2019ರಲ್ಲಿ ಹೊರಬಂದ ರಿಂಗ್ ಫಿಟ್ ಅಡ್ವೆಂಚರ್ ಎಂಬ ಆಟದ ಸಾಧನ ಅದು. ಸ್ವಿಚ್ ಯಂತ್ರದ ಎಡಬಲಗಳಲ್ಲಿ ಎರಡು ಸಣ್ಣ ಹಿಡಿಗಳಿರುತ್ತವೆ. ಹಳಿಯ ಮೇಲೆ ಜಾರಿಸಿದಂತೆ ಜಾರಿಸಿ ಬಿಚ್ಚಬಹುದು. ಬಲಗಡೆಯದನ್ನು ಬಿಚ್ಚಿ ಉಂಗುರಕ್ಕೆ ಜಾರಿಸಬೇಕು. ಎಡಗಡೆಯದನ್ನು ಒಂದು ಪಟ್ಟಿಯೊಳಗಿಟ್ಟು ತೊಡೆಗೆ ಕಟ್ಟಿಕೊಳ್ಳಬೇಕು. ನಿಂತಲ್ಲೇ ಓಡಿದರೆ ಟೆಲಿವಿಷನ್ನಿನೊಳಗಿನ ಮನುಷ್ಯ ಓಡುತ್ತಾನೆ. ಉಂಗುರವನ್ನು ಒತ್ತಿದರೆ ಗಾಳಿಯ ಗುಂಡು ಹಾರಿ ದಾರಿಯ ಪೆಟ್ಟಿಗೆಗಳು ಒಡೆಯುತ್ತವೆ. ಆರಂಭದಲ್ಲಿಯೇ "ನಿಮಗೆ ಎಷ್ಟು ಒತ್ತಲಾಗುತ್ತದೆ, ಒತ್ತಿ" ಎಂದು ಕೇಳಿ ಅಳೆದುಕೊಳ್ಳುತ್ತದೆ. ದುರ್ಬಲನಿಗೆ ದುರ್ಬಲನ ಲೆಕ್ಕ, ಪೈಲ್ವಾನನಿಗೆ ಪೈಲ್ವಾನನ ಲೆಕ್ಕ. ಈ ಒಂದು ಸೌಜನ್ಯ ನಮ್ಮ ಪರೀಕ್ಷಾ ಪದ್ಧತಿಗೂ ಬಂದಿದ್ದರೆ ಎಂದು ಹಲವು ಸಲ ಅಂದುಕೊಂಡಿದ್ದೇನೆ.

ನಾವು ಕೆಲಸ ಹಂಚಿಕೊಂಡೆವು. ಕಾಲಿನ ಪಟ್ಟಿ ನನಗೆ, ಉಂಗುರ ತಾತನಿಗೆ. ನಾನು ನಡುಮನೆಯಲ್ಲಿ ನಿಂತು ಕುಣಿಯುವುದು. ತಾತ ಕುರ್ಚಿಯಲ್ಲಿ ಕೂತು ಗುಂಡು ಹಾರಿಸುವುದು. ಉಂಗುರಕ್ಕೆ ಎರಡು ಕೈಯೂ ಬೇಕಾದ್ದರಿಂದ ಎಡಗೈ ದಬ್ಬಿದಾಗ ಬಲಗೈ ಬೇರೆ ದಾರಿಯಿಲ್ಲದೆ ತಡೆದು ನಿಲ್ಲಬೇಕಾಗಿತ್ತು. ಆಸ್ಪತ್ರೆಯವರನ್ನು ಕೇಳಿದೆವು, ನೋವಾಗದಷ್ಟು ಮಾಡಲಿ ಎಂದರು. ಮೊದಲ ದಿನ ಬಲಗೈ ನಾಲ್ಕು ಸಲ ಜಾರಿತು. ತಾತ ಆ ಹಿಡಿಯನ್ನು ತಿರುಗಿಸಿ ನೋಡಿ, "ಇದು ಮೇಣಿ ಕಣ್ಲಾ" ಎಂದರು. ನೇಗಿಲಿನ ಹಿಡಿಗೆ ನಮ್ಮಲ್ಲಿ ಮೇಣಿ ಎನ್ನುತ್ತೇವೆ. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಮೇಣಿಯೆಂದೇ ಹೆಸರು.

ಆ ಮೇಣಿಯೊಳಗೆ ಏನಿದೆ ಎಂಬುದನ್ನು ಹೇಳದಿದ್ದರೆ ಸಂಚಿಕೆಯ ವಿಜ್ಞಾನ ವಿದ್ಯಾರ್ಥಿಗಳು ನನ್ನನ್ನು ಕ್ಷಮಿಸಲಾರರು. ಐವತ್ತು ಗ್ರಾಮಿನಷ್ಟು ತೂಗುವ ಆ ಪುಟ್ಟ ಹಿಡಿಯಲ್ಲಿ ಇಬ್ಬರು ಅಳತೆಗಾರರಿದ್ದಾರೆ. ಒಬ್ಬ ವೇಗೋತ್ಕರ್ಷವನ್ನು ಅಳೆಯುವವನು: ಕಣ್ಣಿಗೆ ಕಾಣದ ಸಿಲಿಕಾನಿನ ತುಣುಕೊಂದು ಎಳೆಯಷ್ಟು ತೆಳ್ಳನೆಯ ಸ್ಪ್ರಿಂಗುಗಳಲ್ಲಿ ತೂಗುತ್ತಿರುತ್ತದೆ, ಬಸ್ಸು ಹಠಾತ್ತನೆ ನಿಂತಾಗ ನಾವು ಮುಂದಕ್ಕೆ ವಾಲುವಂತೆ ಅದೂ ವಾಲುತ್ತದೆ, ಆ ವಾಲಿಕೆ ವಿದ್ಯುತ್ತಿನ ಲೆಕ್ಕವಾಗುತ್ತದೆ. ಇನ್ನೊಬ್ಬ ತಿರುಗುವಿಕೆಯನ್ನು ಅಳೆಯುವವನು: ಅಲ್ಲಿಯ ತುಣುಕು ಸದಾ ಕಂಪಿಸುತ್ತಿರುತ್ತದೆ, ಹಿಡಿಯನ್ನು ತಿರುವಿದರೆ ಪಕ್ಕಕ್ಕೆ ಸರಿಯುತ್ತದೆ. ತಿರುಗುವ ವಸ್ತುಗಳ ಮೇಲಿನ ಈ ಪಕ್ಕದ ಎಳೆತವನ್ನು ಕೊರಿಯೊಲಿ ಎಂಬ ಫ್ರೆಂಚ್ ಪಂಡಿತ 1835ರಲ್ಲಿಯೇ ವಿವರಿಸಿದ್ದ. ಪಾಪ, ಅದು ಹರವೆಯ ನಡುಮನೆಯಲ್ಲಿ ಪೆಟ್ಟಿಗೆ ಒಡೆಯುವ ಕೆಲಸಕ್ಕೆ ಬಂದೀತೆಂದು ಅವನಿಗೇನು ಗೊತ್ತು! ಇದೇ ಕಂಪನಿ 2006ರಲ್ಲಿ ವೀ ಎಂಬ ಯಂತ್ರವನ್ನು ಹೊರತಂದಾಗ ಅದರ ಹಿಡಿಯಲ್ಲಿ ಮೊದಲನೆಯ ಅಳತೆಗಾರನೂ ಅತಿರಕ್ತ ಕಿರಣವನ್ನು ನೋಡುವ ಒಂದು ಕಣ್ಣೂ ಮಾತ್ರ ಇದ್ದವು. ಎರಡನೆಯವನು 2009ರಲ್ಲಿ ಪ್ರತ್ಯೇಕ ತುಂಡಾಗಿ ಬಂದು ಬಾಲಕ್ಕೆ ಅಂಟಿಕೊಂಡ.

ಹೀಗೆ ಒಂದೂವರೆ ವರ್ಷ ನಡೆಯಿತು. ದಿನಕ್ಕೆ ಅರ್ಧ ಗಂಟೆ; ಕರೆಂಟು ಇದ್ದರೆ. ಬಲಗೈ ಉಂಗುರವನ್ನು ಬಿಡದೆ ಹಿಡಿಯುವಷ್ಟಾಯಿತು, ಆಮೇಲೆ ಲೋಟ ಹಿಡಿಯುವಷ್ಟಾಯಿತು. ಅಂಗಿಯ ಗುಂಡಿ ಮಾತ್ರ ಆಗಲಿಲ್ಲ. ಅದನ್ನು ಅವ್ವ ಹಾಕುತ್ತಿದ್ದಳು. ಹಾಕಿಸಿಕೊಳ್ಳುವಾಗ ತಾತ ಸೂರು ನೋಡುತ್ತಿದ್ದರು.

2025ರ ದಸರೆಗೆ ಚಿಕ್ಕಪ್ಪ ಮತ್ತೆ ಬಂದರು. ಈ ಸಲ ಹೊಸ ಯಂತ್ರ, ಆ ವರ್ಷದ ಜೂನ್ 5ರಂದು ಹೊರಬಂದಿದ್ದ ಸ್ವಿಚ್ 2. ತೆರೆ ದೊಡ್ಡದು, ಚಿತ್ರ ನುಣುಪು. ಹಿಡಿಗಳು ಹಳಿಯ ಮೇಲೆ ಜಾರುವುದಿಲ್ಲ. ಅಯಸ್ಕಾಂತದಿಂದ ಟಕ್ಕೆಂದು ಅಂಟಿಕೊಳ್ಳುತ್ತವೆ. ಮೇಜಿನ ಮೇಲೆ ಅಡ್ಡ ಮಲಗಿಸಿ ಉಜ್ಜಿದರೆ ಕಂಪ್ಯೂಟರಿನ ಮೌಸಿನಂತೆಯೂ ಕೆಲಸ ಮಾಡುತ್ತವೆ. ನಾನು ಮರುಳಾದೆ. ಹಳೆಯ ಯಂತ್ರದಲ್ಲಿದ್ದ ನಮ್ಮ ಆಟದ ಲೆಕ್ಕವನ್ನೆಲ್ಲ ಹೊಸದಕ್ಕೆ ವರ್ಗಾಯಿಸಿದೆ. ತಾತ ನಿಂತಿದ್ದ ಹಂತವೂ ಸುರಕ್ಷಿತವಾಗಿ ಬಂತು. ಆದರೆ ಹೊಸ ಹಿಡಿ ಗಾತ್ರದಲ್ಲಿ ದೊಡ್ಡದು, ಅದಕ್ಕೆ ಹಳಿಯೇ ಇಲ್ಲ; ಆದ್ದರಿಂದ ಉಂಗುರಕ್ಕೆ ಕೂರದು. ಚಿಂತೆಯಿಲ್ಲ, ಹಳೆಯ ಹಿಡಿಯ ಪಕ್ಕದ ಸಣ್ಣ ಗುಂಡಿಯನ್ನು ಒತ್ತಿ ಹಿಡಿದರೆ ಹೊಸ ಯಂತ್ರ ತಂತಿಯಿಲ್ಲದೆಯೇ ಅದರ ಗುರುತು ಹಿಡಿದು ಮಾತಾಡುತ್ತದೆ. ಎಲ್ಲ ಕಂಪನಿಗಳಲ್ಲಿಯೂ ಹೀಗಿಲ್ಲ. ಪ್ಲೇಸ್ಟೇಷನ್ 5ಕ್ಕೆ ಅದರ ಹಿಂದಿನ ಯಂತ್ರದ ಹಿಡಿಯನ್ನು ಸೇರಿಸಿದರೆ ಹಳೆಯ ಆಟಗಳನ್ನು ಆಡಬಹುದು, ಹೊಸ ಆಟಗಳನ್ನು ಆಡಲಾಗದು. ನಮ್ಮದರಲ್ಲಿ ಆ ತೊಡಕಿಲ್ಲವೆಂದು ಕಂಡು ಹಿಗ್ಗಿ, ಹಳೆಯ ಎರಡು ಮೇಣಿಗಳನ್ನು ಉಳಿಸಿಕೊಂಡು ಹಳೆಯ ಯಂತ್ರದ ಒಡಲನ್ನು ಮೈಸೂರಿನಲ್ಲಿ ಒಬ್ಬರಿಗೆ ಮಾರಿದೆ. ಬಂದ ಹಣ ನನ್ನ ಮೊಬೈಲಿಗೆ ಹೋಯಿತು. ಶುಲ್ಕಕ್ಕೋ ಪುಸ್ತಕಕ್ಕೋ ಹೋಯಿತೆಂದು ಬರೆಯಬಹುದಿತ್ತು. ಬರೆಯಲು ಮನಸ್ಸು ಬರಲಿಲ್ಲ.

ಎರಡು ವಾರ ಎಲ್ಲವೂ ಸರಿಯಾಗಿತ್ತು. ಒಂದು ಸಂಜೆ ಗುಂಡು ಹಾರಲಿಲ್ಲ. ತಾತ ಒತ್ತಿದರು, ಮತ್ತೆ ಒತ್ತಿದರು. ತಮ್ಮ ಕೈಯೇ ಮತ್ತೆ ಹೋಯಿತೆಂದು ಹೆದರಿ ಎಡಗೈಯಿಂದ ಬಲಗೈಯನ್ನು ಚಿವುಟಿ ನೋಡಿಕೊಂಡರು. ಆ ಮುಖ ನನಗೆ ಇನ್ನೂ ಮರೆತಿಲ್ಲ. ಹೋದದ್ದು ಕೈಯಲ್ಲ, ಮೇಣಿಯ ಬ್ಯಾಟರಿ. ಪೂರ್ತಿ ತುಂಬಿದರೆ ಸುಮಾರು ಇಪ್ಪತ್ತು ಗಂಟೆ ಬರುವ ಬ್ಯಾಟರಿ. ಮಾರುವ ದಿನ ಅದು ಎಷ್ಟಿತ್ತೆಂದು ನಾನು ನೋಡಿರಲಿಲ್ಲ. ತುಂಬುವುದೆಲ್ಲಿ? ಹಳೆಯ ಮೇಣಿಗೆ ವಿದ್ಯುತ್ತು ಏರುವುದು ಆ ಹಳಿಯ ಮೂಲಕವೇ, ಹಳೆಯ ಒಡಲಿಗೆ ಜಾರಿಸಿದಾಗಲೇ. ಹೊಸ ಒಡಲಿಗೆ ಹಳಿಯಿಲ್ಲ. ಅದು ಹಳೆಯದರೊಡನೆ ಮಾತಾಡುತ್ತದೆ, ಊಟ ಹಾಕುವುದಿಲ್ಲ.

ತಾತನಿಗೆ ವಿಷಯ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾನ್ಲಾ ಕೂಸು, ಮೇಣಿ ಮಡೀಕಂಡು ನೇಗ್ಲ ಮಾರ್ಬುಟ್ಯಾ?" ಎಂದರು. ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಮೈಸೂರಿಗೆ ಹೋದೆ. ಕೊಂಡವರು ಅದನ್ನು ಆಗಲೇ ಕೇರಳದ ಕಡೆಯ ಯಾರಿಗೋ ಮಾರಿಯಾಗಿತ್ತು. ಹಳಿಯುಳ್ಳ ಚಾರ್ಜಿಂಗ್ ಗ್ರಿಪ್ ಎಂಬ ಒಂದು ಸಾಧನವಿದೆ, ಅದರಲ್ಲಿ ಎರಡು ಮೇಣಿಗಳನ್ನೂ ಸಿಕ್ಕಿಸಿ ತಂತಿ ಕೊಟ್ಟರೆ ತುಂಬುತ್ತದೆಂದು ತಿಳಿಯಿತು. ಹೊಸ ಯಂತ್ರದ ಜೊತೆ ಬಂದ ಗ್ರಿಪ್ ಇದಕ್ಕೆ ಸಲ್ಲದು. ಈ ಕಂಪನಿಯ ಅಧಿಕೃತ ವ್ಯಾಪಾರ ನಮ್ಮ ದೇಶದಲ್ಲಿಲ್ಲ. ಹೊರಗಿನಿಂದ ತರಿಸುವ ಅಂಗಡಿಗಳೇ ಗತಿ. ಬೆಂಗಳೂರಿಗೆ ಬರೆದು ಹಣ ಕಳುಹಿಸಿ ಕಾದೆ. ಹತ್ತೊಂಬತ್ತು ದಿನ.

ಆ ಹತ್ತೊಂಬತ್ತು ದಿನಗಳಲ್ಲಿ ತಾತ ಮೊದಲ ಮೂರು ದಿನ ಗೋಡೆಯ ಕಡೆ ತಿರುಗಿ ಮಲಗಿದರು. ನಾಲ್ಕನೆಯ ದಿನ ಅವ್ವ ಅಟ್ಟದಿಂದ ಅಳಿಗುಳಿ ಮಣೆಯನ್ನು ಇಳಿಸಿದಳು. ಒಂದೊಂದು ಪಕ್ಕಕ್ಕೆ ಏಳು ಗುಳಿ, ಒಟ್ಟು ಹದಿನಾಲ್ಕು. ಹುಣಿಸೆ ಬೀಜ ಮನೆಯಲ್ಲೇ ಇತ್ತು. ಎದುರುಮನೆಯ ಅಜ್ಜಿ ಆಟಕ್ಕೆ ಬಂದರು. ಆಕೆ ಹಾಕಿದ ಷರತ್ತು ಒಂದೇ: ಎಡಗೈಯಲ್ಲಿ ಬೀಜ ಬಿಟ್ಟರೆ ಆಟ ಸೋತಂತೆ. ಎಂಥ ಕಠಿಣ ಹೆಂಗಸು!

ನಾನು ಮಾತ್ರ ಪಾಪಪ್ರಜ್ಞೆಯಿಂದ ಕಾಲೇಜಿನ ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕೂತು ಓದತೊಡಗಿದೆ. ಕೆನಡಾ ದೇಶದ ಸಾಪೋಸ್ನಿಕ್ ಎಂಬ ವೈದ್ಯರ ತಂಡ ಲಕ್ವ ಹೊಡೆದು ಮೂರು ತಿಂಗಳೊಳಗಿದ್ದ 141 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆ ಹಳೆಯ ವೀ ಯಂತ್ರವನ್ನೂ ಇನ್ನೊಂದಕ್ಕೆ ಇಸ್ಪೀಟು, ಚೆಂಡು, ಮರದ ತುಂಡುಗಳನ್ನು ಪೇರಿಸುವ ಆಟ ಇಂಥವನ್ನೂ ಕೊಟ್ಟು, ಎರಡು ವಾರದಲ್ಲಿ ಒಂದೊಂದು ಗಂಟೆಯ ಹತ್ತು ಪಾಠ ಮಾಡಿಸಿ ನೋಡಿತಂತೆ. 2016ರಲ್ಲಿ ಪ್ರಕಟವಾದ ಫಲಿತಾಂಶ: ಎರಡು ಗುಂಪಿನವರ ಕೈಯೂ ಸುಧಾರಿಸಿತ್ತು, ಯಂತ್ರದವರದು ಹೆಚ್ಚೇನೂ ಅಲ್ಲ. ಓದಿ ನನಗೆ ಬಹಳ ಸಮಾಧಾನವಾಯಿತು. ಆಮೇಲೆ ಆ ಸಮಾಧಾನವನ್ನೇ ಸಂಶಯದಿಂದ ನೋಡಿದೆ. ತಾತನಿಗೆ ಲಕ್ವ ಹೊಡೆದು ಇಪ್ಪತ್ತು ತಿಂಗಳ ಮೇಲಾಗಿದೆ. ಆ 141 ಜನರ ಲೆಕ್ಕ ಅವರಿಗೆ ನೇರವಾಗಿ ಹೊಂದುವುದಿಲ್ಲ. ಮೇಲಾಗಿ, ಚೆಂಡನ್ನು ಮೂರನೆಯ ದಿನಕ್ಕೇ ಬಿಸಾಡಿದ ಮನುಷ್ಯ ಈ ಉಂಗುರವನ್ನು ಒಂದೂವರೆ ವರ್ಷ ಬಿಡಲಿಲ್ಲವಲ್ಲ? ಅಂದಹಾಗೆ, ಈ ಆಟದ ಕಂಪನಿ 1889ರಲ್ಲಿ ಕ್ಯೋಟೋ ನಗರದಲ್ಲಿ ಶುರುವಾದದ್ದೂ ಇಸ್ಪೀಟಿನಂಥ ಹೂವಿನ ಚಿತ್ರದ ಎಲೆಗಳನ್ನು ಮಾರುವುದಕ್ಕಾಗಿಯೇ. ಅದೂ ಅಂದು ಓದಿದ್ದೇ.

ನವೆಂಬರಿನ ಒಂದು ಶನಿವಾರ ಪಾರ್ಸಲು ಬಂತು. ಎರಡು ಮೇಣಿಗಳನ್ನೂ ಗ್ರಿಪ್ಪಿನ ಹಳಿಗೆ ಜಾರಿಸಿ ತಂತಿ ಸಿಕ್ಕಿಸಿದೆ. ಸಣ್ಣ ದೀಪ ಹತ್ತಿತು. ಮೂರೂವರೆ ಗಂಟೆ ಅದರ ಮುಂದೆ ಕಾದು, ಉಂಗುರ ಸಿದ್ಧ ಮಾಡಿ, ತೊಡೆಗೆ ಪಟ್ಟಿ ಕಟ್ಟಿಕೊಂಡು ಜಗುಲಿಗೆ ಬಂದೆ. "ತಾತ, ಬನ್ನಿ" ಎಂದೆ.

ಅವರು ತಲೆಯೆತ್ತಲಿಲ್ಲ. ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಹುಣಿಸೆ ಬೀಜವಿತ್ತು. ಅದು ನಡುಗುತ್ತ ನಡುಗುತ್ತ ಮುಂದಿನ ಗುಳಿಯ ಮೇಲೆ ಬಂದು ನಿಂತಿತು. "ತಡೀಲಾ, ಈ ಆಟ ಮುಗೀಲಿ" ಎಂದರು. ಎದುರುಮನೆಯ ಅಜ್ಜಿ ನನ್ನ ತೊಡೆಯ ಪಟ್ಟಿಯನ್ನು ನೋಡಿ ಬಾಯಿಗೆ ಸೆರಗು ಹಿಡಿದುಕೊಂಡರು. ನಾನು ಉಂಗುರ ಹಿಡಿದುಕೊಂಡು ಕಂಬಕ್ಕೆ ಒರಗಿ ನಿಂತೆ.