ಶಾಸಕರಿಲ್ಲದ ಊರಿಗೆ ಹೊಳೆ ಬಂತು

ಬೆಂಗಳೂರಿನಲ್ಲಿ ಗೋಕಾಕದವನು ಅಂತ ಹೇಳಿಕೊಂಡರೆ ಎರಡು ಪ್ರಶ್ನೆ ಗ್ಯಾರಂಟಿ. ಒಂದು, ‘ಕರದಂಟು ತಂದಿಲ್ವಾ?’ ಇನ್ನೊಂದು, ‘ಪಾರ್ಟಿ ಬಿಟ್ಟವರಿಗೇ ಮತ್ತೆ ಯಾಕ್ರೀ ಓಟು ಹಾಕಿದ್ರಿ?’ ಮೊದಲನೆಯದಕ್ಕೆ ಡಬ್ಬಿ ತೆರೆದರೆ ಸಾಕು. ಎರಡನೆಯದಕ್ಕೆ ಸ್ವಲ್ಪ ಲೆಕ್ಕ ಹೇಳಬೇಕು.

2018ರ ಮೇ ಚುನಾವಣೆಯಲ್ಲಿ ಆಳುತ್ತಿದ್ದ ಕಾಂಗ್ರೆಸ್ 78ಕ್ಕೆ ಇಳಿಯಿತು, ಬಿಜೆಪಿ 104ಕ್ಕೆ ನಿಂತಿತು. ಬಹುಮತ ಯಾರಿಗೂ ಇಲ್ಲ. ಯಡಿಯೂರಪ್ಪನವರ ಸರ್ಕಾರ ಮೂರೇ ದಿನಕ್ಕೆ ಮುಗಿದು, ಕಾಂಗ್ರೆಸ್–ಜೆಡಿಎಸ್ ಕೂಡಿ ಕುಮಾರಸ್ವಾಮಿ ಮುಖ್ಯಮಂತ್ರಿಯಾದರು. ಅತಂತ್ರ ವಿಧಾನಸಭೆಯಲ್ಲಿ ಒಂದೊಂದು ಸೀಟಿಗೂ ಬಂಗಾರದ ಬೆಲೆ. 2019ರ ಜುಲೈನಲ್ಲಿ ನಮ್ಮ ರಮೇಶ ಜಾರಕಿಹೊಳಿ ಸೇರಿದಂತೆ ಆಳುವ ಕೂಟದ ಶಾಸಕರು ಸಾಲಾಗಿ ರಾಜೀನಾಮೆ ಕೊಟ್ಟರು. 23ರಂದು 99–105ರಲ್ಲಿ ಸರ್ಕಾರ ಬಿತ್ತು. ಎರಡು ದಿನ ಬಿಟ್ಟು ಸ್ಪೀಕರ್ ಅವರನ್ನು ಅನರ್ಹಗೊಳಿಸಿದರು.

ಟಿವಿಯವರಿಗೆ ಅಲ್ಲಿಗೆ ಕಥೆ ಮುಗೀತು. ನಮಗೆ ಶುರುವಾಗಿದ್ದೇ ಆಮೇಲೆ. ಆಗಸ್ಟ್‌ನಲ್ಲಿ ಘಟಪ್ರಭಾ, ಮಾರ್ಕಂಡೇಯ ಎರಡೂ ತುಂಬಿ ಊರೊಳಗೆ ಬಂದವು. ಊರಿಗೆ ಶಾಸಕರಿಲ್ಲ. ರಾಜ್ಯದಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರನ್ನು ಬಿಟ್ಟರೆ ಒಬ್ಬ ಮಂತ್ರಿಯೂ ಇಲ್ಲ. ಸಂಪುಟಕ್ಕೆ ಜನ ಬಂದದ್ದು 20ನೇ ತಾರೀಖಿಗೆ. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಘೋಷಣೆಯೇನೋ ಆಯಿತು. ಆದರೆ ಬಿದ್ದದ್ದು ಪೂರ್ತಿಯೋ ಅರ್ಧವೋ ಅಂತ ಬರೆದುಕೊಳ್ಳುವಾಗ ‘ಸ್ವಲ್ಪ ನೋಡ್ರಿ ಸಾಹೇಬ್ರ’ ಅಂತ ಫೋನ್ ಮಾಡೋಕೆ ಒಬ್ಬರು ಬೇಕಲ್ಲ? ಹಿಂದಿನ ಗೋಡೆ ಕಳಕೊಂಡ ನಮ್ಮ ಕಾಕಾ ಅಂದದ್ದು ಇಷ್ಟೇ: ‘ಓಟ್ ಹಾಕೇವಲ್ಲೋ ತಮ್ಮಾ, ಈಗ ಯಾರ ಬಾಗಲಾ ಬಡೀಬೇಕು?’

ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಸ್ಪರ್ಧಿಸಲೂ ಬಿಟ್ಟಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಕಮಲದಿಂದ ರಮೇಶ, ಕೈಯಿಂದ ಅವರ ತಮ್ಮ ಲಖನ್. ಪಕ್ಕದ ಅರಭಾವಿಯ ಬಿಜೆಪಿ ಶಾಸಕ ಬಾಲಚಂದ್ರ, ಯಮಕನಮರಡಿಯ ಕಾಂಗ್ರೆಸ್ ಶಾಸಕ ಸತೀಶ, ಇಬ್ಬರೂ ಅದೇ ಮನೆಯವರು. ಇಂಥಲ್ಲಿ ಪಕ್ಷ ನೋಡಿ ಆರಿಸೋದು ಹ್ಯಾಗೆ? ರಮೇಶ ಸುಮಾರು 29 ಸಾವಿರ ಮತಗಳಿಂದ ಗೆದ್ದರು. ರಾಜ್ಯದ 15ರಲ್ಲಿ 12 ಬಿಜೆಪಿಗೆ ಬಂದು ಸರ್ಕಾರ ಗಟ್ಟಿಯಾಯಿತು.

ಜನ ಪಕ್ಷಾಂತರ ಮೆಚ್ಚಿದರು ಅಂತ ಇದನ್ನು ಓದಬೇಡಿ. ಅವರು ಬಡಿಯೋಕೆ ಒಂದು ಬಾಗಿಲು ಆರಿಸಿಕೊಂಡರು, ಗೊತ್ತಿದ್ದ ಬಾಗಿಲನ್ನೇ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಶಾಸಕ ಏನು ಕಳಕೊಳ್ಳಬೇಕು ಅಂತ ಹೇಳುತ್ತದೆ. ಖಾಲಿ ಕುರ್ಚಿಯ ನಾಲ್ಕೂವರೆ ತಿಂಗಳು ಕ್ಷೇತ್ರ ಕಳಕೊಂಡದ್ದಕ್ಕೆ ಅದರಲ್ಲಿ ಒಂದು ಸಾಲೂ ಇಲ್ಲ.